ಬಿಲ್ ಬಾಕಿ ಒಂದು ಕಡೆ, ಹಣ ಪೋಲು ಇನ್ನೊಂದು ಕಡೆ: ಗುತ್ತಿಗೆ ಕಾಮಗಾರಿಯ ಲೆಕ್ಕ ತಪ್ಪುವುದು ಎಲ್ಲಿ?

ಬಾಕಿ ಬಿಲ್ ಬಿಡುಗಡೆ ಮಾಡಿ ಎಂದು ಗುತ್ತಿಗೆದಾರರು ಧರಣಿ ಕೂತ ಸುದ್ದಿ. ಅದರ ಪಕ್ಕದಲ್ಲೇ ಮೊದಲ ಮಳೆಗೆ ಕಿತ್ತುಹೋದ ಹೊಸ ರಸ್ತೆಯ ಫೋಟೊ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಭಾಗದ ಪತ್ರಿಕೆ ಪುಟಗಳಲ್ಲಿ ಈ ಜೋಡಿ ಅಪರೂಪವೇನಲ್ಲ. ಓದುವವರಿಗೆ ತಲೆ ಕೆಡುವುದು ಸಹಜ. ಸರ್ಕಾರ ದುಡ್ಡೇ ಕೊಟ್ಟಿಲ್ಲ ಅಂದಮೇಲೆ ಪೋಲಾದದ್ದು ಯಾರ ದುಡ್ಡು? ಪೋಲಾಗುತ್ತಿದೆ ಅನ್ನುವುದಾದರೆ ಬಾಕಿ ಕೊಡಲು ಯಾಕೆ ಹಣ ಇಲ್ಲ?

ಹಿನ್ನೆಲೆ ಹೀಗಿದೆ. 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ 40ರವರೆಗೆ ಕಮಿಷನ್ ಕೇಳಲಾಗುತ್ತಿದೆ ಎಂದು ದೂರಿತು. ಆ ಮಾತು ಒಂದು ಚುನಾವಣೆಯನ್ನೇ ತುಂಬಿಕೊಂಡಿತು. ಸರ್ಕಾರ ಬದಲಾದ ಮೇಲೆ, 2023ರಲ್ಲಿ, ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಅವರ ವಿಚಾರಣಾ ಆಯೋಗ ರಚನೆಯಾಯಿತು. ಅದು 2025ರ ಮಾರ್ಚ್‌ನಲ್ಲಿ ವರದಿ ಸಲ್ಲಿಸಿತು. ಅದೇ ವರ್ಷ ಗುತ್ತಿಗೆದಾರರ ಸಂಘ ತನ್ನ ಲೆಕ್ಕ ಮುಂದಿಟ್ಟಿತು: ಬೇರೆ ಬೇರೆ ಇಲಾಖೆಗಳಿಂದ ಬರಬೇಕಾದ ಬಾಕಿ 32,000 ಕೋಟಿ ರೂಪಾಯಿಗೂ ಹೆಚ್ಚು. ಹಿಂದಿನವರು ಹಣವಿಲ್ಲದೆ ಕಾಮಗಾರಿ ಮಂಜೂರು ಮಾಡಿ ಹೊರೆ ಬಿಟ್ಟುಹೋದರು ಎಂಬುದು ಸರ್ಕಾರದ ಉತ್ತರ.

ಚರ್ಚೆ ಎಲ್ಲಾ ಕಮಿಷನ್ನಿನ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಕಮಿಷನ್ ಸಣ್ಣ ವಿಷಯವೇನಲ್ಲ. ಆದರೆ ಒಬ್ಬನೇ ಒಬ್ಬ ಒಂದು ರೂಪಾಯಿ ಲಂಚ ಮುಟ್ಟದೆ ಹೋದರೂ ಸರ್ಕಾರದ ಗುತ್ತಿಗೆ ಹಣ ಸೋರುವ ಜಾಗಗಳಿವೆ. ಎಸ್ಟಿಮೇಟ್ (ಕೆಲಸದ ಅಂದಾಜು ಪಟ್ಟಿ), ದರಪಟ್ಟಿ, ಎಂಬಿ ಎಂಬ ಅಳತೆ ಪುಸ್ತಕ, ಬಿಲ್ ಪಾವತಿ. ಈ ನಾಲ್ಕು ಜಾಗ ಮುಚ್ಚದೆ ಕಮಿಷನ್ ಅನ್ನೂ ನಿಲ್ಲಿಸಲಾಗದು, ಯಾಕೆಂದರೆ ಕಮಿಷನ್ನಿಗೆ ಹಣ ಹುಟ್ಟುವುದೇ ಅಲ್ಲಿ.

ಕಾಯ್ದೆ ಏನನ್ನು ಕಾಯುತ್ತದೆ, ಏನನ್ನು ಬಿಡುತ್ತದೆ

1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯನ್ನು ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಎನ್ನುತ್ತಾರೆ. ಟೆಂಡರ್ ಕರೆಯದೆ ಸರ್ಕಾರಿ ಖರೀದಿ, ಕಾಮಗಾರಿ ಮಾಡಬಾರದು ಎಂಬುದು ಇದರ ಮೂಲ ನಿಯಮ. 2000ದಲ್ಲಿ ನಿಯಮಗಳು ಬಂದಾಗ, 2 ಕೋಟಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕಾಲಾವಕಾಶ ಕೊಡಬೇಕೆಂದಿತ್ತು. ಅವಧಿ ಕಡಿಮೆ ಮಾಡುವುದಾದರೆ ಮೇಲಧಿಕಾರಿ ಕಾರಣ ಬರೆದಿಡಬೇಕು. ಇ–ಪ್ರೊಕ್ಯೂರ್‌ಮೆಂಟ್, ಅಂದರೆ ಆನ್‌ಲೈನ್ ಟೆಂಡರ್, ಬಂದಮೇಲೆ ಟೆಂಡರ್ ಪೆಟ್ಟಿಗೆಯ ಮುಂದೆ ಜನ ನಿಲ್ಲಿಸಿ ಬೇರೆಯವರು ಅರ್ಜಿ ಹಾಕದಂತೆ ತಡೆಯುವ ಹಳೆಯ ಆಟ ನಿಂತಿತು. ಅದು ನಿಜವಾದ ಲಾಭ.

ಆದರೆ ಕಾಯ್ದೆ ಕಾಯುವುದು ಟೆಂಡರ್ ಪ್ರಕಟಣೆಯಿಂದ ಕಾರ್ಯಾದೇಶದವರೆಗಿನ ಕೆಲವು ವಾರಗಳನ್ನು ಮಾತ್ರ. ಅದಕ್ಕೂ ಮೊದಲು ಎಸ್ಟಿಮೇಟ್ ಹೇಗೆ ತಯಾರಾಯಿತು, ಆಮೇಲೆ ಅಳತೆ ಹೇಗೆ ನಡೆಯಿತು ಎಂಬುದು ಅದರ ಕೈಗೆ ಸಿಗುವುದಿಲ್ಲ. 2022ರಲ್ಲಿ 50 ಕೋಟಿ ಮೀರಿದ ಟೆಂಡರ್‌ಗಳನ್ನು ಪರಿಶೀಲಿಸಲು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಸಮಿತಿ ಬಂತು. ಒಳ್ಳೆಯದೇ. ಆದರೆ ರೋಣದ ಹೊಲದ ರಸ್ತೆ, ರಾಣೆಬೆನ್ನೂರಿನ ಗಟಾರು, ಹುಬ್ಬಳ್ಳಿಯ ವಾರ್ಡ್ ಕಾಂಕ್ರೀಟು ಯಾವುದೂ 50 ಕೋಟಿಯ ಹತ್ತಿರಕ್ಕೂ ಹೋಗುವುದಿಲ್ಲ. ನಮ್ಮ ಕಣ್ಣಿಗೆ ಬೀಳುವ ಕೆಲಸವೆಲ್ಲ ಲಕ್ಷಗಳಲ್ಲೇ ಮುಗಿಯುತ್ತದೆ.

ಎಸ್ಟಿಮೇಟಿನಲ್ಲೇ ಕೆಟ್ಟ ರಸ್ತೆ

ಧಾರವಾಡ ಜಿಲ್ಲೆ ಒಂದೇ ಆದರೂ ನೆಲ ಒಂದೇ ಅಲ್ಲ. ಕಲಘಟಗಿ ಕಡೆ ಕೆಂಪು ಮಣ್ಣು, ನವಲಗುಂದ ಕಡೆ ಎರೆ. ನರಗುಂದ, ರೋಣದವರೆಗೂ ಅದೇ ಎರೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ರಸ್ತೆಯ ತಳಪಾಯದ ತಾಕತ್ತು ಅಳೆಯುವ ಸಿಬಿಆರ್ ಪರೀಕ್ಷೆಯಲ್ಲಿ ನೀರಲ್ಲಿ ನೆನೆಸಿದ ಎರೆಮಣ್ಣು ಸಾಮಾನ್ಯವಾಗಿ ಶೇ 2–3ರ ಆಸುಪಾಸಿನಲ್ಲಿರುತ್ತದೆ. ಭಾರಿ ವಾಹನ ಓಡಾಡುವ ರಸ್ತೆಗೆ ಕನಿಷ್ಠ ಶೇ 5 ಬೇಕು.

ಉಪಾಯ ಹೊಸದಲ್ಲ. ಎರೆಯ ಮೇಲ್ಪದರ ತೆಗೆದು ಗರಸು ತುಂಬಬೇಕು. ಒಂದೊಂದು ಪದರವನ್ನೂ 20 ಸೆಂ.ಮೀ. ಒಳಗೆ ಹರಡಿ, ಹದವಾಗಿ ನೀರು ಹಾಕಿ, ಪ್ರಯೋಗಾಲಯದ ಗರಿಷ್ಠ ಸಾಂದ್ರತೆಯ ಶೇ 97 ಬರುವವರೆಗೆ ರೋಲರ್ ಹೊಡೆಯಬೇಕು. ಇಲ್ಲವೇ ಸುಣ್ಣ ಬೆರೆಸಿ ಎರೆಯನ್ನೇ ಗಟ್ಟಿಮಾಡಬೇಕು. ಎರಡೂ ಬದಿ ಗಟಾರು ತೆಗೆಯಬೇಕು. ಇಷ್ಟು ಮಾಡಿದರೆ ಮೇಲಿನ ಡಾಂಬರು ತೆಳುವಾಗಿದ್ದರೂ ರಸ್ತೆ ನಿಲ್ಲುತ್ತದೆ. ಇಷ್ಟು ಮಾಡದೆ ಮೇಲೆ ಎಷ್ಟು ಡಾಂಬರು ಸುರಿದರೂ ಎರಡು ಮಳೆಗಾಲಕ್ಕೆ ರಸ್ತೆ ಅಲೆಅಲೆಯಾಗುತ್ತದೆ.

ಆಗುವುದು ಏನು? ಮಂಜೂರಾತಿಗೆ ಅವಸರ. ಮಣ್ಣು ಪರೀಕ್ಷೆಗೆ ಪುರುಸೊತ್ತಿಲ್ಲ. ಕೆಂಪು ಮಣ್ಣಿನ ಊರಿಗೆ ಮಾಡಿದ ಎಸ್ಟಿಮೇಟನ್ನೇ ಊರ ಹೆಸರು, ಉದ್ದ ಬದಲಿಸಿ ಎರೆ ಊರಿಗೂ ಹಾಕಲಾಗುತ್ತದೆ. ಗುತ್ತಿಗೆದಾರ ಎಸ್ಟಿಮೇಟಿನಲ್ಲಿ ಇದ್ದಷ್ಟನ್ನು ಪ್ರಾಮಾಣಿಕವಾಗಿ ಮಾಡಿದರೂ ರಸ್ತೆ ಕೆಡುತ್ತದೆ. ಕೆಟ್ಟಾಗ ಬೈಗುಳ ಗುತ್ತಿಗೆದಾರನಿಗೆ, ಎರಡನೇ ಸಲದ ಖರ್ಚು ಖಜಾನೆಗೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದರ ಹೆಸರು ಲೀಡ್. ಗರಸು, ಖಡಿ, ಉಸುಕು ಎಷ್ಟು ದೂರದಿಂದ ತರಬೇಕು ಎಂಬುದರ ಮೇಲೆ ಸಾಗಣೆ ದರ ನಿಲ್ಲುತ್ತದೆ. ಎರೆ ಸೀಮೆಯಲ್ಲಿ ಗರಸು ಹತ್ತಿರ ಸಿಗದ ಕಾರಣ ಲೀಡ್ ದೊಡ್ಡ ಮೊತ್ತವೇ. ಲೆಕ್ಕ ಹಾಕಿ ನೋಡಿ. ಏಳೂವರೆ ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ, 30 ಸೆಂ.ಮೀ. ದಪ್ಪದ ಗರಸಿಗೆ 2,250 ಘನ ಮೀಟರ್ ಬೇಕು. ಬ್ರಾಸ್ (ನೂರು ಘನ ಅಡಿ) ಲೆಕ್ಕದಲ್ಲಿ ಸುಮಾರು 795. ದಮ್ಮಸು ಮಾಡುವ ಮೊದಲಿನ ಸಡಿಲ ಗರಸು ಕಾಲುಭಾಗ ಹೆಚ್ಚು ಹಿಡಿದರೆ, ನಾಲ್ಕು ಬ್ರಾಸಿನ ಟಿಪ್ಪರಿಗೆ ಹತ್ತಿರ ಹತ್ತಿರ 250 ಟ್ರಿಪ್. ಘನ ಮೀಟರಿಗೆ ಪ್ರತಿ ಕಿ.ಮೀ.ಗೆ 8 ರೂಪಾಯಿ ಸಾಗಣೆ ಎಂದು ಇಟ್ಟುಕೊಂಡರೂ, 15 ಕಿ.ಮೀ. ದೂರದ ಗರಸಿನ ಗುಂಡಿಯನ್ನು ಲೀಡ್ ಪಟ್ಟಿಯಲ್ಲಿ 35 ಕಿ.ಮೀ. ಎಂದು ಬರೆದರೆ ಒಂದು ಕಿಲೋಮೀಟರ್ ರಸ್ತೆಗೆ 3.6 ಲಕ್ಷ ರೂಪಾಯಿ ಸುಮ್ಮನೆ ಹೋಯಿತು. ರಸ್ತೆಯ ಮೇಲೆ ನಿಂತು ಎಷ್ಟು ಹೊತ್ತು ದಿಟ್ಟಿಸಿದರೂ ಈ ಮೋಸ ಕಾಣುವುದಿಲ್ಲ, ಅದು ಇರುವುದು ಕಾಗದದಲ್ಲಿ.

ನೀರಿನ ಲೆಕ್ಕ ತಪ್ಪಿದರಂತೂ ಹೇಳುವುದೇ ಬೇಡ. ಹುಬ್ಬಳ್ಳಿ–ಧಾರವಾಡದ ನಡುವಿನ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ) ಮಾರ್ಗದಲ್ಲಿ ಚಿಗರಿ ಬಸ್ಸುಗಳು ಓಡಲು ಶುರುವಾದದ್ದು 2018ರಲ್ಲಿ. ದೊಡ್ಡ ಮಳೆ ಬಂದಾಗ ಧಾರವಾಡದ ಟೋಲ್ ನಾಕಾ ಹತ್ತಿರ ನೀರು ನಿಲ್ಲುವುದು ಅಲ್ಲಿಂದೀಚೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ. ರಸ್ತೆಗೆ ಮೊದಲೇ ಚರಂಡಿಯ ಇಳಿಜಾರು, ಮೋರಿಯ ಗಾತ್ರ ಸರಿಮಾಡಿಕೊಂಡರೆ ಒಂದು ಖರ್ಚು. ರಸ್ತೆ ಮುಗಿದಮೇಲೆ ಅಗೆದು ಸರಿಮಾಡಲು ಹೊರಟರೆ ಅದು ಬೇರೆಯದೇ ಖರ್ಚು.

ಕಡಿಮೆ ದರ, ಹೆಚ್ಚು ಬಿಲ್

ಎಲ್ಲಕ್ಕಿಂತ ಕಡಿಮೆ ದರ ಹಾಕಿದವನಿಗೆ, ಅಂದರೆ ಎಲ್–1ಗೆ, ಕೆಲಸ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಎಸ್ಟಿಮೇಟಿನ ಪರಿಮಾಣ ತಪ್ಪಾಗಿದ್ದರೆ ಎಲ್–1 ಅತಿ ದುಬಾರಿಯಾಗಬಹುದು. ಒಂದು ಉದಾಹರಣೆ.

ಎಸ್ಟಿಮೇಟಿನಲ್ಲಿ ಅಗೆತ 1,000 ಘನ ಮೀಟರ್, ಕಾಂಕ್ರೀಟು 500 ಘನ ಮೀಟರ್ ಇದೆ ಅನ್ನೋಣ. ಮೊದಲನೆಯವನು ಅಗೆತಕ್ಕೆ 600, ಕಾಂಕ್ರೀಟಿಗೆ 6,000 ರೂಪಾಯಿ ದರ ಹಾಕುತ್ತಾನೆ. ಒಟ್ಟು 36 ಲಕ್ಷ. ಎರಡನೆಯವನು ಅಗೆತಕ್ಕೆ 300, ಕಾಂಕ್ರೀಟಿಗೆ 6,800. ಒಟ್ಟು 37 ಲಕ್ಷ. ಮೊದಲನೆಯವನಿಗೆ ಕೆಲಸ ಸಿಕ್ಕಿತು, ಸರ್ಕಾರಕ್ಕೆ ಒಂದು ಲಕ್ಷ ಉಳಿಯಿತು ಎಂದು ಕಡತದಲ್ಲಿ ಬರೆದಾಯಿತು. ಕೆಲಸ ನಡೆದಾಗ ಅಗೆತ 3,000 ಆಯಿತು, ಕಾಂಕ್ರೀಟು 400ಕ್ಕೆ ಇಳಿಯಿತು. ಈಗ ಮೊದಲನೆಯವನ ಬಿಲ್ 42 ಲಕ್ಷ. ಎರಡನೆಯವನೇ ಮಾಡಿದ್ದರೆ 36.2 ಲಕ್ಷದಲ್ಲಿ ಮುಗಿಯುತ್ತಿತ್ತು. ಒಂದು ಲಕ್ಷ ಉಳಿಸಲು ಹೋಗಿ 5.8 ಲಕ್ಷ ಹೆಚ್ಚು ತೆತ್ತಂತಾಯಿತು.

ಮೊದಲನೆಯವನು ಜಾಗ ನೋಡಿಬಂದು ಅಗೆತ ಹೆಚ್ಚಾಗುತ್ತದೆಂದು ಊಹಿಸಿದ್ದರೆ ಅದು ಜಾಣತನ. ಒಳಗಿನವರು ಯಾರೋ ಹೇಳಿದ್ದರೆ ಅದು ಬೇರೆ ಮಾತು. ಕಡತ ನೋಡಿ ಎರಡರ ವ್ಯತ್ಯಾಸ ಹೇಳಲಾಗದು. ಇದಕ್ಕೆ ತಡೆ ಇದೆ. ದೊಡ್ಡ ಕಾಮಗಾರಿಗಳ ಗುತ್ತಿಗೆ ಷರತ್ತುಗಳಲ್ಲಿ ಒಂದು ಐಟಂನ ಪರಿಮಾಣ ಶೇ 25ಕ್ಕಿಂತ ಹೆಚ್ಚು ಏರಿಳಿದು, ಅದರ ಮೊತ್ತವೂ ಗಣನೀಯವಾಗಿದ್ದರೆ ದರವನ್ನು ಹೊಸದಾಗಿ ನಿಗದಿ ಮಾಡಲು ಅವಕಾಶವಿದೆ. ದರಪಟ್ಟಿ ಒಂದೊಂದು ಐಟಂನಲ್ಲಿ ವಿಪರೀತ ಏರುಪೇರಾಗಿದ್ದರೆ ಕೆಲಸ ಕೊಡುವ ಮೊದಲೇ ಹೆಚ್ಚುವರಿ ಭದ್ರತಾ ಠೇವಣಿ ಕೇಳಬಹುದು. ಕೇಳುವವರು ಕಡಿಮೆ. ಸಣ್ಣ ಕೆಲಸಗಳಿಗೆ ಐಟಂವಾರು ದರದ ಬದಲು ಎಸ್‌ಆರ್, ಅಂದರೆ ಇಲಾಖೆಯ ನಿಗದಿತ ದರಪಟ್ಟಿಯ ಮೇಲೆ ಒಟ್ಟಾರೆ ಶೇಕಡಾ ಹೆಚ್ಚು ಅಥವಾ ಕಡಿಮೆ ಎಂದು ದರ ಕೇಳಿದರೆ ಈ ಆಟವೇ ನಡೆಯದು. ಅಲ್ಲಿ ಎಲ್ಲ ದರವೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ.

ಎಸ್‌ಆರ್‌ಗಿಂತ ಶೇ 25–30 ಕಡಿಮೆಗೆ ಕೆಲಸ ಹಿಡಿದ ಸುದ್ದಿ ಬಂದಾಗ ಸಂತೋಷಪಡುವವರಿದ್ದಾರೆ. ದರ ಕಟ್ಟುವಾಗ ಗುತ್ತಿಗೆದಾರನ ಲಾಭಕ್ಕೆಂದು ಸಾಮಾನ್ಯವಾಗಿ ಇಡುವುದು ಶೇ 10. ಲಾಭ ಪೂರ್ತಿ ಬಿಟ್ಟರೂ ಉಳಿದ ಶೇ 15–20 ಎಲ್ಲಿಂದ ಬಂತು ಎಂದು ಕೇಳಬೇಕು. ಒಂದೋ ಎಸ್‌ಆರ್ ದರ ಮಾರುಕಟ್ಟೆಗಿಂತ ಉಬ್ಬಿದೆ, ಇಲ್ಲವೇ ಸಾಮಗ್ರಿ ಕಡಿಮೆ ಬೀಳಲಿದೆ. ಎರಡರಲ್ಲಿ ಯಾವುದಾದರೂ ಇಲಾಖೆ ಎಚ್ಚರಗೊಳ್ಳಬೇಕಾದ ವಿಷಯವೇ.

ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಗುಣಮಟ್ಟವೇ ಮುಖ್ಯ ಎಂದು ಘೋಷಿಸಿದ ಕಾಮಗಾರಿಗಳಲ್ಲಿ ದರದ ಜೊತೆಗೆ ಗುಣಮಟ್ಟಕ್ಕೂ ಗರಿಷ್ಠ ಶೇ 30ರಷ್ಟು ಅಂಕ ಕೊಡಲು ದಾರಿಯಾಯಿತು. ಇದಕ್ಕೂ ವಿರೋಧ ಇದೆ. ಅಂಕ ಕೊಡುವವರ ಕೈಗೆ ವಿವೇಚನೆ ಹೋದರೆ ಬೇಕಾದವರಿಗೆ ಅಂಕ ಬೀಳುತ್ತದೆ ಎನ್ನುತ್ತಾರೆ ಸಣ್ಣ ಗುತ್ತಿಗೆದಾರರು. ತಾಲ್ಲೂಕು ಮಟ್ಟದಲ್ಲಿ ಆ ಭಯ ಸುಳ್ಳಲ್ಲ.

ಐದು ಮಿಲಿಮೀಟರಿನ ಬೆಲೆ

ಕೆಲಸ ನಡೆದಷ್ಟಕ್ಕೆ ಹಣ. ನಡೆದಿದೆಯೆಂದು ಹೇಳುವುದು ಎಂಬಿ, ಅಂದರೆ ಅಳತೆ ಪುಸ್ತಕ. ಜೂನಿಯರ್ ಎಂಜಿನಿಯರ್ ಅಳೆದು ಬರೆಯುತ್ತಾರೆ, ಮೇಲಿನವರು ಪರಿಶೀಲಿಸಿ ಸಹಿ ಹಾಕುತ್ತಾರೆ, ಆಮೇಲೆ ಬಿಲ್. ಇಡೀ ವ್ಯವಸ್ಥೆ ನಿಂತಿರುವುದು ಆ ಒಂದು ಪುಸ್ತಕದ ಮೇಲೆ.

3.75 ಮೀಟರ್ ಅಗಲದ ಒಂದು ಕಿಲೋಮೀಟರ್ ಹಳ್ಳಿ ರಸ್ತೆಗೆ 30 ಮಿ.ಮೀ. ಡಾಂಬರು ಪದರ ಎಂದರೆ 112.5 ಘನ ಮೀಟರ್, ತೂಕದಲ್ಲಿ ಸುಮಾರು 259 ಟನ್. 25 ಮಿ.ಮೀ. ಹಾಕಿ ಎಂಬಿಯಲ್ಲಿ 30 ಎಂದು ಬರೆದರೆ 43 ಟನ್ ಉಳಿಯಿತು. ಮೂರ್ನಾಲ್ಕು ಟಿಪ್ಪರ್ ಮಿಶ್ರಣ. ಐದು ಮಿಲಿಮೀಟರ್ ಅಂದರೆ ಮೂರು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ, ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಮಿಶ್ರಣದ ಶಾಖವೂ ಹಾಗೆಯೇ. ರೋಲರ್ ಹೊಡೆತ ಮುಗಿಯುವ ಹೊತ್ತಿಗೆ 90 ಡಿಗ್ರಿಗಿಂತ ತಣ್ಣಗಾಗಿದ್ದರೆ ಖಡಿ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಪ್ಲಾಂಟ್ 60 ಕಿ.ಮೀ. ದೂರವಿದ್ದು, ಟಿಪ್ಪರಿಗೆ ತಾಡಪತ್ರಿ ಹೊದಿಸದೆ ತಂದರೆ ಅಳತೆ ಸರಿಯಿದ್ದೂ ರಸ್ತೆ ಕಿತ್ತು ಬರುತ್ತದೆ.

ಡಾಂಬರನ್ನು ಆಮೇಲಾದರೂ ಕೊರೆದು ನೋಡಬಹುದು. ಕೋರ್ ಕಟರ್‌ನಿಂದ ತೆಗೆದ ತುಂಡು ದಪ್ಪ, ಸಾಂದ್ರತೆ ಎರಡನ್ನೂ ಹೇಳುತ್ತದೆ. ಒಳಗೆ ಮುಚ್ಚಿಹೋಗುವ ಕೆಲಸದ್ದೇ ಕಷ್ಟ. ಗರಸಿನ ಪದರ, ಪೈಪಿನ ಕೆಳಗಿನ ಉಸುಕು, ಅಡಿಪಾಯದ ಸರಳು ಇವನ್ನೆಲ್ಲ ಮೇಲಿನ ಪದರ ಬೀಳುವ ಮೊದಲೇ ಅಳೆಯಬೇಕು. ಎರಡು ಮೂರು ತಾಲ್ಲೂಕಿನಲ್ಲಿ ಹರಡಿದ ಹತ್ತಾರು ಕೆಲಸ ಒಬ್ಬ ಎಂಜಿನಿಯರ್ ತಲೆಯ ಮೇಲಿದ್ದರೆ ಅವರು ಎಷ್ಟು ಕಡೆ ಸರಿಯಾದ ಹೊತ್ತಿಗೆ ಮುಟ್ಟಬಲ್ಲರು? ಕಚೇರಿಯಲ್ಲಿ ಕೂತು, ಎಸ್ಟಿಮೇಟಿನ ಅಂಕಿಗಳನ್ನೇ ಎಂಬಿಗೆ ಇಳಿಸುವ ಅಭ್ಯಾಸ ಹುಟ್ಟುವುದು ಇಲ್ಲಿಂದ. ಎಂಬಿಯ ಅಂಕಿಗಳು ಎಸ್ಟಿಮೇಟಿನ ಜೊತೆ ದಶಮಾಂಶದವರೆಗೂ ತಾಳೆಯಾಗುತ್ತಿದ್ದರೆ ಅನುಮಾನ ಪಡಬೇಕು. ನಿಜವಾಗಿ ಅಳೆದ ಕೆಲಸ ಯಾವತ್ತೂ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ.

ಹೂಳೆತ್ತುವ ಕೆಲಸದಲ್ಲಿ ಈ ತೊಂದರೆ ತುತ್ತತುದಿ ಮುಟ್ಟುತ್ತದೆ. ಉಣಕಲ್ ನಾಲಾದಂಥ ನಾಲೆಯಿಂದ ಮುಂಗಾರಿಗೆ ಮೊದಲು ಹೂಳು ತೆಗೆದರೆ ಸಾಕ್ಷಿಯನ್ನು ಮೊದಲ ಮಳೆಯೇ ಕೊಚ್ಚಿಕೊಂಡು ಹೋಗುತ್ತದೆ. ಜೆಸಿಬಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟರೆ ಯಂತ್ರ ನಿಂತರೂ ಮೀಟರ್ ಓಡುತ್ತದೆ. ಕೆಲಸಕ್ಕೆ ಮೊದಲು ಪ್ರತಿ 20–30 ಮೀಟರಿಗೊಂದು ಕಡೆ ತಳದ ಮಟ್ಟ ತೆಗೆದು, ಮುಗಿದ ದಿನವೇ ಅದೇ ಜಾಗಗಳಲ್ಲಿ ಮತ್ತೆ ಮಟ್ಟ ತೆಗೆದು, ವ್ಯತ್ಯಾಸಕ್ಕೆ ಮಾತ್ರ ಹಣ ಕೊಡಬೇಕು. ಹೂಳು ಸಾಗಿಸಿದ ಟಿಪ್ಪರುಗಳ ವೇಬ್ರಿಜ್ ಚೀಟಿ ಅದಕ್ಕೆ ತಾಳೆ ನೋಡಲು ಸಾಕು.

ತುಂಡು ಮಾಡಿದರೂ ತಪ್ಪು, ಕಟ್ಟುಹಾಕಿದರೂ ತಪ್ಪು

5 ಲಕ್ಷದೊಳಗಿನ ಕಾಮಗಾರಿಗೆ ಟೆಂಡರ್ ಬೇಡ. ಹಾಗಾಗಿ 19 ಲಕ್ಷದ ಒಂದು ರಸ್ತೆ 4.75 ಲಕ್ಷದ ನಾಲ್ಕು ರಸ್ತೆಯಾಗುತ್ತದೆ: ಇಂಥವರ ಮನೆಯಿಂದ ಗುಡಿಯವರೆಗೆ, ಗುಡಿಯಿಂದ ಬಾವಿಯವರೆಗೆ ಎಂಬಂತೆ. ಇದು ತುಂಡು ಗುತ್ತಿಗೆ. ಸ್ಪರ್ಧೆ ಇಲ್ಲ, ದರ ಇಳಿಯುವುದಿಲ್ಲ, ನಾಲ್ಕು ತುಂಡಿಗೂ ಸೇರಿ ಒಂದು ಗುಣಮಟ್ಟದ ಪರೀಕ್ಷೆಯೂ ನಡೆಯುವುದಿಲ್ಲ.

ಪ್ಯಾಕೇಜ್ ಟೆಂಡರ್ ಇದರ ತದ್ವಿರುದ್ಧ. ಹತ್ತಾರು ಹಳ್ಳಿಗಳ ಕೆಲಸವನ್ನು ಒಂದೇ ಕಟ್ಟಾಗಿ ಕರೆಯುವುದು. ಮೇಲ್ವಿಚಾರಣೆ ಸುಲಭ, ದೊಡ್ಡ ಯಂತ್ರ ತರುವವರು ಬರುತ್ತಾರೆ ಎಂಬುದು ಇಲಾಖೆಗಳ ವಾದ. ಅರ್ಹತೆಗೆ ಬೇಕಾದ ವಹಿವಾಟು ತೋರಿಸಲಾಗದೆ ನಾವು ಹೊರಗುಳಿಯುತ್ತೇವೆ, ಕೆಲಸ ಹಿಡಿದ ದೊಡ್ಡವನು ಕೊನೆಗೆ ನಮ್ಮಿಂದಲೇ ಉಪಗುತ್ತಿಗೆಯಲ್ಲಿ ಕಡಿಮೆ ದರಕ್ಕೆ ಮಾಡಿಸುತ್ತಾನೆ ಎಂಬುದು ಸ್ಥಳೀಯ ಗುತ್ತಿಗೆದಾರರ ದೂರು. ಎರಡರಲ್ಲೂ ಹುರುಳಿದೆ. ಒಂದೇ ದಾರಿಯ, ಒಂದೇ ಬಗೆಯ ಕೆಲಸವನ್ನು ತುಂಡು ಮಾಡಬಾರದು. ಬೇರೆ ಬೇರೆ ತಾಲ್ಲೂಕಿನ ಗಟಾರು, ಶಾಲೆ ಕೊಠಡಿ, ಬೀದಿದೀಪಗಳನ್ನು ಒಂದು ಕಟ್ಟಿಗೆ ತುರುಕಿದರೆ ಪೈಪೋಟಿಗೆ ಉಳಿಯುವವರು ಎರಡೋ ಮೂರೋ ಮಂದಿ. ಮೂರೇ ಮಂದಿ ಇದ್ದಲ್ಲಿ ಮಾತಾಡಿಕೊಳ್ಳುವುದು ಸುಲಭ.

ಮೂರನೇ ದಾರಿ ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿ. ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರ್ ಇಲ್ಲದೆ ಕೆಲಸ ಕೊಡಬಹುದು. ಸರ್ಕಾರಿ ನಿರ್ಮಾಣ ಸಂಸ್ಥೆಗಳಾದ ನಿರ್ಮಿತಿ ಕೇಂದ್ರಗಳಿಗೆ, ನಮ್ಮ ಕಡೆ ಇನ್ನೂ ಭೂಸೇನಾ ಎಂದೇ ಕರೆಯುವ ಕೆಆರ್‌ಐಡಿಎಲ್‌ಗೆ ಕೆಲಸ ಹೋಗುವ ಒಂದು ದಾರಿ ಇದು. ಸರ್ಕಾರದ್ದೇ ಸಂಸ್ಥೆ ತನ್ನ ಆಳು, ತನ್ನ ಯಂತ್ರದಿಂದ ಕೆಲಸ ಮಾಡಿದರೆ ತಕರಾರಿಲ್ಲ. ಅದೇ ಕೆಲಸ ಕೆಳಗಿಳಿದು ಖಾಸಗಿಯವನ ಕೈಗೇ ಹೋದರೆ, ಸರ್ಕಾರ ಸೇವಾಶುಲ್ಕ ತೆತ್ತು ಸ್ಪರ್ಧೆಯನ್ನು ಕಳೆದುಕೊಂಡಂತೆ. ನೈಸರ್ಗಿಕ ವಿಕೋಪದ ವಿನಾಯಿತಿ ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಬೆಣ್ಣೆಹಳ್ಳ ಉಕ್ಕಿ ನರಗುಂದ, ರೋಣದ ಊರುಗಳು ಮುಳುಗಿದಾಗ 30 ದಿನ ಟೆಂಡರಿಗೆ ಕಾಯಿರಿ ಎನ್ನಲಾಗದು. ಆ ವಿನಾಯಿತಿ ನೀರು ಇಳಿದು ತಿಂಗಳುಗಳಾದ ಮೇಲೂ ಮುಂದುವರಿದರೆ ಮಾತ್ರ ಪ್ರಶ್ನೆ.

ಬಾಕಿ ಉಳಿಸಿದರೆ ಉಳಿತಾಯವೇ?

ಈಗ ಮೊದಲ ಗೊಂದಲಕ್ಕೆ ಬರೋಣ. ಬಜೆಟ್ಟಿನಲ್ಲಿ 100 ರೂಪಾಯಿ ಇಟ್ಟು 300 ರೂಪಾಯಿ ಕೆಲಸಕ್ಕೆ ಮಂಜೂರಾತಿ ಕೊಟ್ಟರೆ 200 ರೂಪಾಯಿ ಬಿಲ್ ಸಾಲಿನಲ್ಲಿ ನಿಲ್ಲುತ್ತದೆ. ಮಂಜೂರಾತಿ ಕೊಟ್ಟ ದಿನ ಭೂಮಿಪೂಜೆ, ಫೋಟೊ ಎಲ್ಲ ಆಗಿಹೋಗಿರುತ್ತದೆ. ಬಿಲ್ ಬರುವ ಹೊತ್ತಿಗೆ ‘ಎಲ್‌ಒಸಿ ಬಂದಿಲ್ಲ’, ಅಂದರೆ ಹಣ ಬಿಡುಗಡೆಯ ಆದೇಶ ಬಂದಿಲ್ಲ ಎಂಬ ಉತ್ತರ.

ಒಂದು ಕೋಟಿಯ ಬಿಲ್ ಎರಡು ವರ್ಷ ತಡವಾಯಿತು ಎನ್ನಿ. ವರ್ಷಕ್ಕೆ ಶೇ 12 ಬಡ್ಡಿ ಹಿಡಿದರೂ 24 ಲಕ್ಷ. ಲಾಭಕ್ಕೆಂದು ಇಟ್ಟದ್ದು 10 ಲಕ್ಷ ಮಾತ್ರ. ಕೈಸಾಲಕ್ಕೆ ಹೋದವನ ಬಡ್ಡಿ ಶೇ 12ಕ್ಕೆ ನಿಲ್ಲುವುದೂ ಇಲ್ಲ. ಇದರ ಮೇಲೆ ಬಿಲ್ಲಿನಲ್ಲೇ ಕಡಿತಗಳಿವೆ: ಆದಾಯ ತೆರಿಗೆ ಶೇ 1 ಅಥವಾ 2, ಜಿಎಸ್‌ಟಿ ಟಿಡಿಎಸ್ ಶೇ 2, ಕಟ್ಟಡ ಕಾರ್ಮಿಕರ ಸೆಸ್ ಶೇ 1, ಖಡಿ–ಗರಸಿನ ರಾಜಧನ. 2022ರ ಜುಲೈನಲ್ಲಿ ಸರ್ಕಾರಿ ಕಾಮಗಾರಿಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದಾಗ ಹಳೆಯ ದರಕ್ಕೆ ಒಪ್ಪಿಕೊಂಡಿದ್ದವರು ಮಧ್ಯದಲ್ಲಿ ಸಿಕ್ಕಿಬಿದ್ದರು.

ಹೀಗಿರುವಾಗ ಮುಂದಿನ ಟೆಂಡರಿನಲ್ಲಿ ಉಳಿಯುವವರು ಯಾರು? ಬಡ್ಡಿಯನ್ನು ಮೊದಲೇ ದರದಲ್ಲಿ ಸೇರಿಸುವವರು, ಸಾಮಗ್ರಿಯಲ್ಲಿ ಕತ್ತರಿ ಹಾಕುವವರು, ತಮ್ಮ ಬಿಲ್ಲನ್ನು ಸಾಲಿನಲ್ಲಿ ಮುಂದೆ ತರಿಸಿಕೊಳ್ಳಲು ದಾರಿ ಬಲ್ಲವರು. ನೆಟ್ಟಗೆ ಕೆಲಸ ಮಾಡುವವನು ಮೊದಲು ಮುಳುಗುತ್ತಾನೆ. ಬಾಕಿ ಮತ್ತು ಪೋಲು ಎರಡು ಬೇರೆ ಸುದ್ದಿಗಳಂತೆ ಕಂಡರೂ ಒಂದು ಇನ್ನೊಂದನ್ನು ಹುಟ್ಟಿಸುತ್ತದೆ. ಶೇ 40ರ ಆರೋಪಕ್ಕೂ ಜ್ಯೇಷ್ಠತೆ ಪ್ರಕಾರ, ಅಂದರೆ ಮೊದಲು ಬಂದ ಬಿಲ್ಲಿಗೆ ಮೊದಲು ಹಣ ಕೊಡಿ ಎಂಬ ಗುತ್ತಿಗೆದಾರರ ಬೇಡಿಕೆಗೂ ನಂಟಿರುವುದು ಇಲ್ಲೇ. ಯಾರ ಬಿಲ್ ಮೊದಲು ಎಂದು ತೀರ್ಮಾನಿಸುವ ಅಧಿಕಾರ ಒಬ್ಬರ ಕೈಲಿದ್ದರೆ ಆ ಅಧಿಕಾರಕ್ಕೆ ಬೆಲೆ ಕಟ್ಟುವವರು ಹುಟ್ಟಿಕೊಳ್ಳುತ್ತಾರೆ.

ಕೇಂದ್ರದ 2021ರ ಅದೇ ಸೂಚನೆಗಳಲ್ಲಿ ಬಿಲ್ ಸಲ್ಲಿಸಿದ 10 ಕೆಲಸದ ದಿನಗಳೊಳಗೆ ಕನಿಷ್ಠ ಶೇ 75 ಪಾವತಿ ಮಾಡಬೇಕು, ಪರಿಶೀಲನೆ ಮುಗಿಸಿ ಉಳಿದದ್ದನ್ನು 28 ಕೆಲಸದ ದಿನಗಳೊಳಗೆ ಕೊಡಬೇಕು ಎಂದಿದೆ. ರಾಜ್ಯದಲ್ಲೂ ಇಂಥದೊಂದು ಗಡುವು ಮತ್ತು ಬಿಲ್ ಬಂದ ದಿನಾಂಕದ ಸಾಲು ಎಲ್ಲರಿಗೂ ಕಾಣುವಂತೆ ಇದ್ದರೆ ಅರ್ಧ ಜಗಳ ಮುಗಿಯುತ್ತದೆ.

ಆಳು ಒದಗಿಸುವ ಗುತ್ತಿಗೆ

ಕಾಮಗಾರಿ ಕಣ್ಣಿಗೆ ಕಾಣುತ್ತದೆ, ಹೊರಗುತ್ತಿಗೆ ಸಿಬ್ಬಂದಿಯ ಖರ್ಚು ಕಾಣುವುದಿಲ್ಲ. ಕಚೇರಿಯ ಡಾಟಾ ಎಂಟ್ರಿ, ಚಾಲಕ, ಆಸ್ಪತ್ರೆಯ ಡಿ ಗ್ರೂಪ್, ಹಾಸ್ಟೆಲ್ ಅಡುಗೆಯವರು ಹೀಗೆ ಪಟ್ಟಿ ಉದ್ದವಿದೆ. ತಿಂಗಳಿಗೆ 18,000 ರೂಪಾಯಿ ಕೂಲಿಯ ಒಬ್ಬ ನೌಕರನ ಲೆಕ್ಕ ನೋಡಿ. 15,000ದ ಮಿತಿಯ ಮೇಲೆ ಪಿಎಫ್‌ನ ಮಾಲೀಕರ ಪಾಲು ಮತ್ತು ಆಡಳಿತ ವೆಚ್ಚ ಶೇ 13, ಅಂದರೆ 1,950. ಇಎಸ್‌ಐ ಶೇ 3.25, ಅಂದರೆ 585. ಏಜೆನ್ಸಿಯ ಸೇವಾಶುಲ್ಕ ಶೇ 5 ಎಂದುಕೊಂಡರೆ 1,027. ಮೇಲೆ ಶೇ 18 ಜಿಎಸ್‌ಟಿ 3,881. ಕಚೇರಿ ತೆರುವುದು ಒಟ್ಟು 25,443 ರೂಪಾಯಿ. ತನ್ನ ಪಾಲಿನ ಪಿಎಫ್, ಇಎಸ್‌ಐ ಕಳೆದು ಅವನ ಕೈಗೆ ಬರುವುದು 16,065.

ನಡುವಿನ ಹಣವೆಲ್ಲ ಪೋಲು ಎನ್ನಲಾಗದು. ಪಿಎಫ್ ಕಟ್ಟಿದರೆ ಅದು ಅವನದೇ. ಜಿಎಸ್‌ಟಿಯ ಅರ್ಧ ರಾಜ್ಯದ ಖಜಾನೆಗೇ ವಾಪಸ್ ಬರುತ್ತದೆ. ಆದರೆ ಬಿಲ್ ತೆರುವುದು ಪಾಲಿಕೆಯೋ ಪುರಸಭೆಯೋ ಆದರೆ ಅವುಗಳ ಮಟ್ಟಿಗೆ ಅದು ಹೋದ ಹಣವೇ. ನಗರ ಸ್ವಚ್ಛತೆಯಂಥ ಸ್ಥಳೀಯ ಸಂಸ್ಥೆಗಳ ಹೊಣೆಯ ಕೆಲಸಕ್ಕೆ ಬರೀ ಶ್ರಮ ಒದಗಿಸುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಬಿಲ್ಲಿನಲ್ಲಿ ಆ ಸಾಲು ಇದೆಯೋ ಇಲ್ಲವೋ ಎಂದು ಒಮ್ಮೆ ನೋಡಿದರೂ ಲಾಭ.

ಅಪಾಯ ಇರುವುದು ಸೇವಾಶುಲ್ಕವನ್ನೇ ಬಿಟ್ಟುಕೊಡುವ ಟೆಂಡರಿನಲ್ಲಿ. ಒಂದು ರೂಪಾಯಿ ಸೇವಾಶುಲ್ಕಕ್ಕೆ ನೂರು ಆಳು ಒದಗಿಸುತ್ತೇನೆ ಎನ್ನುವವನು ಧರ್ಮಕ್ಕೆ ಬಂದವನಲ್ಲ. ಪಿಎಫ್ ಕಟ್ಟದೆ ಉಳಿಸುವುದು, ಕೂಲಿ ಎರಡು ತಿಂಗಳು ತಡೆಹಿಡಿಯುವುದು, ಕೆಲಸ ಕೊಡಿಸಲು ನೌಕರನಿಂದಲೇ ಹಣ ಪಡೆಯುವುದು, ಇಲ್ಲದವರ ಹೆಸರಲ್ಲಿ ಹಾಜರಿ ಹಾಕುವುದು. ಅವನ ಲಾಭ ಬರುವುದು ಇಲ್ಲಿಂದ. ಏಜೆನ್ಸಿ ಕೂಲಿ ಕೊಡದಿದ್ದರೆ ಕೊಡಬೇಕಾದವರು ಮೂಲ ಉದ್ಯೋಗದಾತರೇ ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದ ಬಂದ ತತ್ತ್ವ. ಅಂದರೆ ಕಚೇರಿ ಎರಡು ಸಲ ತೆರಬೇಕಾದೀತು. ತಡೆ ಕಷ್ಟದ್ದಲ್ಲ. ಹಿಂದಿನ ತಿಂಗಳ ಪಿಎಫ್ ಚಲನ್ನಿನ ಹೆಸರುಪಟ್ಟಿಯನ್ನು ಹಾಜರಿಪುಸ್ತಕಕ್ಕೆ ತಾಳೆ ಹಾಕಿ, ಆಮೇಲೆ ಈ ತಿಂಗಳ ಬಿಲ್ಲಿಗೆ ಸಹಿ ಹಾಕಿದರೆ ಆಯಿತು.

ಪೌರಕಾರ್ಮಿಕರ ವಿಷಯದಲ್ಲಿ 700 ಜನಸಂಖ್ಯೆಗೆ ಒಬ್ಬರು ಎಂಬ ಲೆಕ್ಕದ ಮೇಲೆ, ಮಧ್ಯವರ್ತಿಯನ್ನು ತೆಗೆದು ನೇರ ವೇತನ ಕೊಡುವ ದಾರಿಯನ್ನು ರಾಜ್ಯ ಹಿಡಿದಿದೆ. ಅದಕ್ಕಾಗಿ ಹುಬ್ಬಳ್ಳಿ–ಧಾರವಾಡದ ಪೌರಕಾರ್ಮಿಕರು ವರ್ಷಗಟ್ಟಲೆ ಹೋರಾಡಬೇಕಾಯಿತು. ಉಳಿದ ಹೊರಗುತ್ತಿಗೆ ನೌಕರರಿಗೆ ಏಜೆನ್ಸಿಯ ಬದಲು ಸಹಕಾರ ಸಂಘದ ಮೂಲಕ ಆಳು ಒದಗಿಸುವ ಬೀದರ್‌ನ ಮಾದರಿಯನ್ನು ವಿಸ್ತರಿಸುವ ಮಾತಿದೆ. ಏಜೆನ್ಸಿಗೆ ಹೋಗುವ ಲಾಭದ ಹಣ ಉಳಿತಾಯವಾಗುತ್ತದೆ ನಿಜ. ಸಂಘದ ಆಡಳಿತ ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ಉಳಿದದ್ದು.

ಬಾಕಿ ತೀರಿಸಲು ಹೊರಟರೆ ಆಗುವುದೇನು

ಬಾಕಿ ತೀರಿಸಲು ಗಟ್ಟಿ ಮನಸ್ಸು ಮಾಡಿದರೆ ಹೊಸ ಕಾಮಗಾರಿಗಳ ಮಂಜೂರಾತಿ ಒಂದೆರಡು ವರ್ಷ ಕುಗ್ಗಬೇಕಾಗುತ್ತದೆ. ಮೊದಲ ಪೆಟ್ಟು ಬೀಳುವುದು ಖಡಿ ಕ್ರಷರ್, ಟಿಪ್ಪರ್ ಮಾಲೀಕರು, ಸೆಂಟ್ರಿಂಗ್ ಕೆಲಸಗಾರರ ಮೇಲೆ. ಶಾಸಕರ ಮೇಲೆ ಊರಿನ ಒತ್ತಡ ಬರುತ್ತದೆ. ಆ ಒತ್ತಡಕ್ಕೆ ಮಣಿದು ಮತ್ತೆ ಹಣವಿಲ್ಲದ ಮಂಜೂರಾತಿ ಶುರುವಾದರೆ ಸಾಲು ಮತ್ತೆ ಬೆಳೆಯುತ್ತದೆ. ಹೊರಗಿನವರಿಂದ ಗುಣಮಟ್ಟ ಪರಿಶೀಲನೆ ಮಾಡಿಸುವುದು ಇನ್ನೊಂದು ಸಲಹೆ. ಅದೂ ಒಂದು ಗುತ್ತಿಗೆಯೇ ಎಂಬುದನ್ನು ಮರೆಯಬಾರದು. ಪರಿಶೀಲಿಸುವವರಿಗೆ ಹಣ ಹೋಗುವುದು ಕಾಮಗಾರಿ ಮಾಡಿದವರ ಬಿಲ್ಲಿನ ಮೂಲಕವೇ ಆದರೆ ವರದಿಯ ಗತಿ ಊಹಿಸಬಹುದು.

ಊರವರ ಕೈಯಲ್ಲಿ ಇರುವ ಸಾಧನ ಮಾಹಿತಿ ಹಕ್ಕು. ಬಹಳ ಮಂದಿ ‘ರಸ್ತೆಗೆ ಎಷ್ಟು ಖರ್ಚಾಯಿತು’ ಎಂದಷ್ಟೇ ಕೇಳಿ ಒಂದು ಮೊತ್ತ ಪಡೆದು ಸುಮ್ಮನಾಗುತ್ತಾರೆ. ಆ ಮೊತ್ತದಿಂದ ಏನೂ ಗೊತ್ತಾಗದು. ಕಾಯ್ದೆಯ 2(ಜೆ) ಕಲಂ ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಕಾಮಗಾರಿಯ ಹೆಸರು ಬರೆದು ಐದೇ ದಾಖಲೆ ಕೇಳಿದರೆ ಸಾಕು: ಮಂಜೂರಾದ ಎಸ್ಟಿಮೇಟ್, ಅದರ ಲೀಡ್ ಪಟ್ಟಿ, ಮಣ್ಣಿನ ಪರೀಕ್ಷಾ ವರದಿ, ಎಂಬಿಯ ಪುಟಗಳು, ಕೊನೆಯ ಬಿಲ್. ಕೈಗೆ ಬಂದಮೇಲೆ ಮೊದಲು ತೆರೆಯಬೇಕಾದ್ದು ಲೀಡ್ ಪಟ್ಟಿ. ಗರಸು ಯಾವ ಊರಿನ ಗುಂಡಿಯಿಂದ ಬಂತೆಂದು ಅಲ್ಲಿ ಬರೆದಿರುತ್ತದೆ. ಟಿಪ್ಪರುಗಳು ಯಾವ ಕಡೆಯಿಂದ ಬಂದವು ಎಂಬುದು ಆ ದಾರಿಯ ಚಹಾದಂಗಡಿಯವರಿಗೆ ಗೊತ್ತಿರುತ್ತದೆ.